ಅಡ್ಡ ನಿಂತ ಹಡಗು

ಹೋದ ವಾರ ಕಣ್ಣು ತೋರಿಸಲು ಹುಮನಾಬಾದಿಗೆ ಹೋಗಿದ್ದೆ. ದವಾಖಾನೆಯ ಪಕ್ಕದ ಗಿರಣಿಯಿಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬಂತು, ಅದರೊಳಗೆ ಮಷೀನು ತಿರುಗಿಸುವ ಕಾದ ಪಟ್ಟಾದ ವಾಸನೆಯೂ ಇತ್ತು. ಬಸವಕಲ್ಯಾಣದ ನಮ್ಮ ಓಣಿಯ ಗಿರಣಿಯವನು ನೆನಪಾದ...

ಅವನು ಹದಿನೈದು ವರ್ಷ ಯುದ್ಧದ ಹಡಗಿನಲ್ಲಿ ದುಡಿದು ಬಂದವನು. ನಾವ್ಯಾರೂ ಸಮುದ್ರ ನೋಡಿದವರಲ್ಲ. ಓಣಿಯ ಹೆಂಗಸರೆಲ್ಲ ಜೋಳದ ಡಬ್ಬಿ ಸಾಲಿಗಿಟ್ಟು ಅವನ ಮಾತು ಕೇಳುತ್ತಿದ್ದೆವು. ಸಮುದ್ರ ಆಳುವುದು ತೋಪಿನ ಗುಂಡಿನಿಂದಲ್ಲ, ನಿಂತ ಜಾಗದಿಂದ ಕದಲದೆ ಇರುವುದರಿಂದ ಅನ್ನುತ್ತಿದ್ದ. ಅದಕ್ಕೆ ದಿನಾ ಕಬ್ಬಿಣಕ್ಕೆ ಹಿಡಿದ ಜಂಗು ಕೆರೆಯಬೇಕು, ಬಣ್ಣ ಬಳಿಯಬೇಕು, ಎಣ್ಣೆ ಬಿಡಬೇಕು. ಹಡಗು ರಿಪೇರಿಗೆ ದಡಕ್ಕೆ ಹೋದ ದಿನ ಸಮುದ್ರ ಬೇರೆಯವರದು. ಹಳೆ ಕಾಲದ ದೊಡ್ಡ ರಾಜ್ಯಗಳೂ ಹೀಗೇ ವೈರಿಯ ಬಂದರಿಗೆ ಅಡ್ಡ ನಿಂತು ಗೆದ್ದವಂತೆ. ಹುಮನಾಬಾದ್ ರಸ್ತೆಯ ನಾಕಾದಲ್ಲಿ ನಾಲ್ಕು ಲಾರಿ ಅಡ್ಡ ನಿಲ್ಲಿಸಿದರೆ ನಮ್ಮ ಬಜಾರ ತಾನೇ ಮುಚ್ಚುವುದಿಲ್ಲವೇ, ಹಾಗೆ. ಒಂದು ಲಡಾಯಿಯಲ್ಲಿ ತಾನೂ ವೈರಿಗಳ ಬಂದರಿನ ಬಾಯಿಗೆ ಹಾಗೇ ನಿಂತಿದ್ದೆ, ಒಂದು ಗುಂಡೂ ಹಾರಿಸದೆ ಗೆದ್ದೆವು ಎಂದು ಎದೆ ಉಬ್ಬಿಸುತ್ತಿದ್ದ.

ನೀವು ತಡೆದ ಹಡಗುಗಳಲ್ಲಿ ಏನಿತ್ತು ಅಂತ ಒಂದು ದಿನ ಕೇಳಿದೆ.

"ಎಣ್ಣಿ, ಮದ್ದುಗುಂಡು... ಒಂದ್ರಾಗ ಬರೇ ಅಕ್ಕಿ ಇತ್ತುರಿ ಅಕ್ಕಾ. ನಾವೇನ್ ಮಾಡ್ಲಿಲ್ಲ, ಸುಮ್ಮ ಹೊಳ್ಳಿ ಕಳಿಸಿದ್ವಿ."

"ಅಕ್ಕಿ ಯಾರ ತಿಂತಿದ್ರೋ? ತೋಪೇನು?" ಎಂದೆ.

ಹೆಂಗಸರು ನಕ್ಕರು. ಅವನು ನಗಲಿಲ್ಲ.

ಯಾರ ಡಬ್ಬಿಯಿಂದಲೂ ಚಿಟಿಕೆ ಹಿಟ್ಟು ಉಳಿಸಿಕೊಳ್ಳದ ಮನುಷ್ಯ ಇವನು. ಇವನು ಅಕ್ಕಿ ತಡೆದನೇ! ರಜಾಕಾರರ ಗದ್ದಲದಲ್ಲಿ ಮಂಠಾಳದ ದಾರಿ ಬಂದ್ ಆಗಿ ಉಪ್ಪು, ಕಾಳು ಏನೂ ಬರಲಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಅವಳಿಗೂ ಯಾರೂ ಹೊಡೆದಿರಲಿಲ್ಲ. ಎದೆಹಾಲು ಬತ್ತಿ ನನಗಿಂತ ಮೊದಲಿನ ಕೂಸು ಸತ್ತಿತು.

ಬೀಸದ ಜೋಳ ಎತ್ತಿಕೊಂಡು ಬಂದೆ. ಮನೆಮನೆಗೆ ಹೋಗಿ, ಇನ್ನು ಕೋಟೆ ಕಡೆಯ ಗಿರಣಿಗೆ ಹೋಗೋಣ ಎಂದೆ. ನನ್ನ ಮಾತು ನಡೆಯುತ್ತಿದ್ದ ಕಾಲ ಅದು, ಎಲ್ಲರೂ ಬಂದರು. ಅವನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಅವನು ಮುಂಜಾನೆ ಬಾಗಿಲು ತೆರೆದು, ಮಷೀನು ಒರೆಸಿ, ಎಣ್ಣೆ ಬಿಟ್ಟು ಕೂರುತ್ತಿದ್ದ. ಮೂರು ತಿಂಗಳು ಕೂತ.

ಆಮೇಲೆ ಮಷೀನು ಟೆಂಪೋಗೆ ಹೇರಿ ಹುಮನಾಬಾದಿನ ಮಗಳ ಮನೆಗೆ ಹೊರಟ. ಹೋಗುವಾಗ ನನ್ನ ಬಾಗಿಲಿಗೆ ಬಂದ.

"ನಾ ಹೇಳಿದ್ದು ನೀವ ಭಾಳ ಛಲೋ ಕಲ್ತ್ರಿ, ಅಕ್ಕಾ."

ಸಿಟ್ಟಿನಿಂದ ಅಂದಿದ್ದರೆ ತಿರುಗಿ ಅನ್ನುತ್ತಿದ್ದೆ. ಮುಖದಲ್ಲಿ ಸಿಟ್ಟಿರಲಿಲ್ಲ. ಅಲ್ಲಿಯತನಕ ನಾನೇನು ಮಾಡುತ್ತಿದ್ದೇನೆ ಅಂತ ನನಗೇ ಹೊಳೆದಿರಲಿಲ್ಲ. ಅವನಿಗಾದರೂ ಮೇಲಿನವರ ಹುಕುಂ ಇತ್ತು. ನನಗೆ ಯಾರೂ ಹುಕುಂ ಕೊಟ್ಟಿರಲಿಲ್ಲ.

ಮರುವರ್ಷ ಅವನು ಸತ್ತ ಸುದ್ದಿ ಬಂತು. ಆಗ ಹೋಗಲಿಲ್ಲ... ಹೋದ ವಾರ ದವಾಖಾನೆಯಿಂದ ಹಾಗೇ ವಿಳಾಸ ಕೇಳಿಕೊಂಡು ಅವನ ಮಗಳ ಮನೆಗೆ ಹೋದೆ. ಗುರುತು ಹಿಡಿದಳು. ಉಣ್ಣದೆ ಹೋಗಬೇಡಿ ಎಂದು ಕೈಹಿಡಿದು ಕೂರಿಸಿ ಬಡಿಸಿದಳು. ತಲೆ ಎತ್ತದೆ ಉಂಡೆ. ಹೇಳಬೇಕಾದ ಮಾತು ಇತ್ತು, ಕೇಳಬೇಕಾದವನು ಇರಲಿಲ್ಲ.