ಸೆರ್ವಾಳ ಎಡಗೈ

ಕುಮಾಸಿ ಪಟ್ಟಣದಲ್ಲಿ ಯಾರಿಗಾದರೂ ಎಡಗೈ ಚಾಚಿದರೆ ಮುಖಕ್ಕೆ ಉಗಿದ ಹಾಗೆ. ಅನಿವಾರ್ಯವಾಗಿ ಚಾಚಿದವರು "ಎಡಗೈ, ಕ್ಷಮಿಸಿ" ಅನ್ನಲೇಬೇಕು. ಟ್ರಾಫಿಕ್ ಸಿಗ್ನಲ್ ದುರಸ್ತಿಯ ಸೆರ್ವಾ ದಿನವಿಡೀ ಅದನ್ನೇ ಅನ್ನುತ್ತಿದ್ದಳು. ಮಣಿಕಟ್ಟಿನಾಚೆ ಅವಳಿಗೆ ಬಲಗೈಯೇ ಇರಲಿಲ್ಲ.

ಅದನ್ನು ತಿಂದವನು ಮೇಲಧಿಕಾರಿ ಅಂಪೋಫೊ. ಕರೆಂಟು ತೆಗೆದು ಬೀಗ ಹಾಕಿದ ಪೆಟ್ಟಿಗೆಯ ಕೀಲಿ ಕಂಬ ಹತ್ತುವವರ ಜೇಬಿನಲ್ಲೇ ಇರಬೇಕು. ಅದು ಆ ಕೆಲಸದ ಧರ್ಮ. ಅವಳ ಕೈ ಹೋದ ದಿನ ಮಂತ್ರಿಯ ಕಾರು ಬರುವ ಅವಸರ. "ಕೀಲಿ ನನ್ಹತ್ರ ಇರ್ಲಿ, ನೀನು ಹತ್ತು" ಎಂದವನು, ಅವಳು ಮೇಲೆ ತಂತಿ ಹಿಡಿದಿದ್ದಾಗಲೇ ಕರೆಂಟು ಹಾಕಿದ. ವಿಚಾರಣೆಯಲ್ಲಿ, "ಕರೆಂಟು ತೆಗೆಯೋದನ್ನ ಅವಳೇ ಮರೆತ್ಲು" ಅಂದುಬಿಟ್ಟ. ಪಾಪಿ! ಕೈ ಹೋದದ್ದಕ್ಕಿಂತ ಆ ಮಾತು ಅವಳ ಹೊಟ್ಟೆ ಉರಿಸಿತು. ಊರಿನ ಅರ್ಧ ದೀಪಗಳನ್ನು ಕಾದವಳಿಗೆ ಬೇಜವಾಬ್ದಾರಿಯೆಂಬ ಹೆಸರು, ರಸ್ತೆಗಿಡುವ ಕೋನು ತೊಳೆಯುವ ಕೆಲಸ. ಈ ಸುಳ್ಳನ್ನು ಅವನ ಬಾಯಿಂದಲೇ ಕಕ್ಕಿಸುತ್ತೇನೆ ಎಂದು ಹಲ್ಲು ಕಚ್ಚಿ ಕಾದಳು.

ಅಂಪೋಫೊನ ತಾಯಿ ತೀರಿಕೊಂಡಳು. ಶನಿವಾರ ಇಡೀ ಕಚೇರಿ ಸೂತಕದ ಕೆಂಪು, ಕಪ್ಪು ಬಟ್ಟೆಯುಟ್ಟು ಅಂತ್ಯಕ್ರಿಯೆಗೆ ಹೊರಟಿತು.

"ನೀನ್ಯಾಕೆ ಬರ್ತೀಯೇ? ಆ ಮುಖ ನೋಡೋಕಾಗುತ್ತಾ?" ಎಂದಳು ಗೆಳತಿ ಫೋಸುವಾ.

"ಮುಖ ನೋಡೋಕೇ ಹೋಗ್ತಿರೋದು ಕಣೇ."

ಹೆಣದ ಪಕ್ಕ ಸಾಲಾಗಿ ಕೂತ ಮನೆಯವರ ಕೈಕುಲುಕುತ್ತ ಬಂದವರು ಮುಂದೆ ಸಾಗಬೇಕು. ಸೆರ್ವಾ ಒಬ್ಬೊಬ್ಬರಿಗೂ ಕ್ಷಮೆ ಕೇಳಿಯೇ ಎಡಗೈ ಕೊಟ್ಟಳು. ಅಂಪೋಫೊನ ಮುಂದೆ ನಿಂತು ಕೈ ಚಾಚಿದಳು, ಕ್ಷಮೆ ಮಾತ್ರ ಕೇಳಲಿಲ್ಲ. ಅವನ ಕೈ ತೊಡೆಯ ಮೇಲಿಂದ ಏಳಲಿಲ್ಲ.

ಪಕ್ಕದಲ್ಲಿದ್ದ ಮನೆಯ ಹಿರಿಯ, ಅವನ ಸೋದರಮಾವ, ಗದರಿದ: "ಏನಮ್ಮಾ, ನನ್ನ ತಂಗಿ ಸತ್ತ ಮನೇಲಿ ಎಡಗೈ ಚಾಚ್ತೀಯಲ್ಲ, ಕ್ಷಮಿಸಿ ಅನ್ನೋಕೆ ನಾಲಿಗೆ ಬಿದ್ದೋಯ್ತಾ?"

"ಎಲ್ಲರಿಗೂ ಅಂದೆ ತಾತ, ಇವರಿಗೆ ಮಾತ್ರ ಅನ್ನಲ್ಲ. ನನ್ನ ಬಲಗೈ ಎಲ್ಲೋಯ್ತು ಅಂತ ನಿಮ್ಮ ಅಳಿಯನ್ನೇ ಕೇಳಿ. ಹೆತ್ತವಳ ಹೆಣದ ಮುಂದೆ ಸುಳ್ಳಾಡ್ತಾರಾ ನೋಡೋಣ."

ಅಂಪೋಫೊ ಕಣ್ಣೆತ್ತಿದ. ಇಡೀ ಕಚೇರಿ ಅವಳ ಬೆನ್ನ ಹಿಂದೆಯೇ ನಿಂತಿತ್ತು.

"ಬೊಗಳೋ!" ಎಂದ ಮಾವ.

"ನಾನೇ... ಕರೆಂಟು ಹಾಕಿದ್ದು ನಾನೇ, ಮಾವ. ಕೀಲಿ ನನ್ಹತ್ರ ಇತ್ತು."

"ಜೋರಾಗಿ ಹೇಳಿ ಸಾರ್, ಹಿಂದಿರೋರಿಗೆ ಕೇಳಿಸ್ಲಿಲ್ಲ" ಎಂದಳು ಸೆರ್ವಾ. ಎಷ್ಟು ಹಾಯೆನಿಸಿತು ಅವಳಿಗೆ! ಅವನು ಮತ್ತೆ ಹೇಳಿದ. ಮಾವ ಕಣ್ಣು ಕೆಕ್ಕರಿಸಿದ್ದೇ ತಡ, ಅಂಪೋಫೊ ಎದ್ದು ನಿಂತು ಆ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕ್ಷಮೆ ಬೇಡಿದ.

"ಕ್ಷಮೆ ಕೇಳಿದ್ರಿ, ಆಯ್ತು. ನಾನು ಕ್ಷಮಿಸಲ್ಲ" ಎಂದು ಸೆರ್ವಾ ಕೈ ಕೊಸರಿಕೊಂಡಳು. ಸತ್ತವಳಿಗೆ ತಲೆಬಾಗಿ, ಊಟಕ್ಕೂ ನಿಲ್ಲದೆ ಹೊರಟುಹೋದಳು.