ಓಣಿಯಲ್ಲಿ ಉಳಿದ ಒಂದೇ ಜಗಲಿ

ಬೆಳಕು ಹರಿಯುವ ಮೊದಲೇ ಗೋಡೆಯಾಚೆ ಹೊಲಿಗೆ ಯಂತ್ರ ಗುರ್ರೆನ್ನುತ್ತದೆ. ಬಟ್ಟೆ ತಿರುಗಿಸುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಗುರ್ರೆನ್ನುತ್ತದೆ. ಆಮೇಲೆ ಪಕ್ಕದ ಮನೆಯಲ್ಲಿ ಇನ್ನೊಂದು, ಎದುರು ಸಾಲಿನಲ್ಲಿ ಮತ್ತೊಂದು. ರಾಯದುರ್ಗದ ಬೆಟ್ಟದ ಬುಡದ ಈ ಓಣಿಯಲ್ಲಿ ಕೋಳಿ ಕೂಗಿದರೂ ಕೇಳಿಸುವುದಿಲ್ಲ. ಅಗಳಿ ಸೀಮೆಯ ಹಳ್ಳಿಯಿಂದ ಬಂದ ಹೊಸದರಲ್ಲಿ ಚೌಡಕ್ಕ ಆ ಸದ್ದಿಗೆ ಬೆಚ್ಚಿ ಎದ್ದು ಕೂರುತ್ತಿದ್ದಳು. ಈಗ ಕರೆಂಟು ಹೋಗಿ ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತದೆ.

ಕುರಿ ಸಾಕುವವರ ಮನೆಯ ಮಗಳು. ಗಂಡ ಜುಂಜಪ್ಪನಿಗೆ ಇಲ್ಲಿ ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ ಕೆಲಸ ಸಿಕ್ಕಾಗ ಒಂದು ಟ್ರಂಕು, ಒಂದು ಕಂಬಳಿ, ಮುದ್ದೆ ತಿರುವುವ ಕೋಲು ಹಿಡಿದು ಬಸ್ಸು ಹತ್ತಿದಳು. ಸಣ್ಣಬಸಪ್ಪನ ಸಾಲುಮನೆಯಲ್ಲಿ ಕೊನೆಯ ಕೋಣೆ ಹಿಡಿದರು. ಅದಕ್ಕೆ ಒಂದು ಬಾಗಿಲು, ಕಿಟಕಿ ಇಲ್ಲ. ಕಿಟಕಿ ಇಲ್ಲದ್ದಕ್ಕೇ ಬಾಡಿಗೆ ಕಡಿಮೆ. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯವರು ಸೀನಿದರೆ ಇವರು "ನೂರ್ಕಾಲ ಬಾಳು" ಅನ್ನಬೇಕು. ಪಾಯಖಾನೆ ಸಾಲಿಗೆಲ್ಲ ಒಂದೇ. ನಲ್ಲಿ ಬರುವ ದಿನ ಕೊಡಗಳೇ ಮನುಷ್ಯರಂತೆ ಸಾಲಿನಲ್ಲಿ ನಿಂತು ಜಗಳವಾಡುತ್ತವೆ. ಊರಿನಿಂದ ಬಂದ ತಂಗಿ ಮೂಗು ಮುಚ್ಚಿಕೊಂಡು, "ಇದ್ರಾಗೆ ಎಂಗಕ್ಕ ಇದ್ದೀಯ?" ಅಂದಿದ್ದಳು. "ನನ್ನ ಕೈಯಾಗೆ ಕೆಲ್ಸ ಐತೆ, ಬಾಗ್ಲಾಗೆ ಜನ ಅವ್ರೆ. ನಿನ್ನ ದೊಡ್ಡ ಮನೇಲಿ ಏನೈತೆ, ಹಲ್ಲಿ," ಅಂದಳಂತೆ ಚೌಡಕ್ಕ.

ಬಾಗಿಲಲ್ಲಿ ಜನ ಇದ್ದದ್ದು ಜಗಲಿಯ ದೆಸೆಯಿಂದ.

ನಮ್ಮ ಓಣಿಯ ಹೆಂಗಸರ ಕೆಲಸ ದಾರ ಕತ್ತರಿಸುವುದು. ಹೊಲಿದು ಮುಗಿದ ಪ್ಯಾಂಟುಗಳ ಮೈಮೇಲೆ ದಾರದ ತುದಿಗಳು ಉಳಿದಿರುತ್ತವೆ. ಪುಟ್ಟ ಕತ್ತರಿಯಲ್ಲಿ ಒಂದೊಂದನ್ನೇ ತೆಗೆಯಬೇಕು. ನೀಲಿಯದಾದರೆ ಸರಿ. ಕಪ್ಪು ಪ್ಯಾಂಟಿನ ಮೇಲೆ ಕಪ್ಪು ದಾರ, ಬಲ್ಬಿನ ಬೆಳಕಿನಲ್ಲಿ ದೇವರಿಗೂ ಕಾಣುವುದಿಲ್ಲ. ಹಗಲ ಬೆಳಕೇ ಬೇಕು, ಬಿಸಿಲಲ್ಲದ ಬೆಳಕು. ಒಂದು ತುದಿ ಉಳಿದರೂ ಪ್ಯಾಂಟಿನ ಇಡೀ ಕಟ್ಟೇ ವಾಪಸ್ಸು ಬರುತ್ತದೆ. ಅದಕ್ಕೇ ಓಣಿಯಲ್ಲೊಂದು ರೂಢಿ ಇತ್ತು: ಬೆಳಿಗ್ಗೆ ಯಾವ ಸಾಲಿನ ಜಗಲಿಯ ಮೇಲೆ ನೆರಳಿರುತ್ತದೋ ಅಲ್ಲಿ ಎಲ್ಲರೂ, ಮಧ್ಯಾಹ್ನದ ಮೇಲೆ ಎದುರು ಸಾಲಿಗೆ ಎಲ್ಲರೂ. ಯಾರ ಮನೆ, ಯಾರ ಜಾತಿ ಎಂದು ನೆರಳು ಕೇಳಿದ್ದಿಲ್ಲ. ನಡು ಮಧ್ಯಾಹ್ನ ಬಯಲಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಇಟ್ಟು ನಿಲ್ಲುತ್ತವೆ. ಹಾಗೇ ಇದು ಎಂದು ಚೌಡಕ್ಕನಿಗೆ ಅನ್ನಿಸಿತ್ತು. ಹೊಸ ಊರು ಹೊಸದಾಗಿ ಕಂಡಿರಲಿಲ್ಲ.

ಆಮೇಲೆ ಜೀನ್ಸಿನ ಕೆಲಸ ಹೆಚ್ಚಿತು, ಹಳ್ಳಿಗಳಿಂದ ಜನ ಬಂದರು, ಕೋಣೆಗಳು ಸಾಲದಾದವು. ಒಬ್ಬೊಬ್ಬ ಮಾಲೀಕನೂ ಜಗಲಿಗೆ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಇನ್ನೊಂದು ಸಂಸಾರವನ್ನು ಒಳಗೆ ಬಿಟ್ಟ. ವರ್ಷಕ್ಕೆ ಎರಡು ಮೂರು ಜಗಲಿ ಹೀಗೆ ಹೋದವು. ಕೊನೆಗೆ ಉಳಿದದ್ದು ಚೌಡಕ್ಕನ ಬಾಗಿಲ ಮುಂದಿನದು ಒಂದೇ. ಬೆಳಿಗ್ಗೆ ಅದಕ್ಕೆ ತಾನಾಗಿಯೇ ನೆರಳು. ಮಧ್ಯಾಹ್ನ ನೆರಳಿಗೆ ಹಳೆಯ ಸೀರೆ ಕಟ್ಟುವರು. ಅಲ್ಲಿ ಒತ್ತಿ ಒತ್ತಿ ಕೂತ ಹೆಂಗಸರ ಮಂಡಿಗಳನ್ನು ದಾಟಿಯೇ ಅವಳು ತನ್ನ ಮನೆಯೊಳಗೆ ಹೋಗಬೇಕು.

ಒಂದು ಸಂಜೆ ಸಣ್ಣಬಸಪ್ಪ ಬಂದು ಜಗಲಿಯನ್ನು ಗೇಣಿನಿಂದ ಅಳೆದ. ಬಿಳಿ ಪಂಚೆ, ಹಣೆಗೆ ವಿಭೂತಿ, ಕೆಟ್ಟ ಮನುಷ್ಯನಲ್ಲ.

"ನಾಳೆ ಮೇಸ್ತ್ರಿ ಬರ್ತಾನವ್ವ. ಇಲ್ಲೊಂದು ರೂಮು ಎಬ್ಬಿಸ್ತೀನಿ."

"ನಾವೆಲ್ಲಿ ಕೂತ್ಕಮಾನಣ್ಣ?"

"ಒಳಗ ಕುಂದ್ರು. ಟ್ಯೂಬ್‌ಲೈಟ್ ಹಾಕಿಸಿಕೊಡ್ತೀನಿ, ಖರ್ಚು ನಂದ."

"ಟ್ಯೂಬ್‌ಲೈಟಿಗೆ ನಮ್ಮ ಕರೀ ದಾರ ಕಾಣಲ್ಲ. ಬ್ಯಾಡ. ಕಟ್ಟಬ್ಯಾಡ್ರಿ."

"ಜಾಗ ನಂದವ್ವ."

"ಜಾಗ ನಿಮ್ದು. ಕೆಲ್ಸ ನಮ್ದು."

ಅವನು ನಕ್ಕು ಹೋದ. ಜುಂಜಪ್ಪ ಹೆದರಿದ. "ಬಾಯಿ ಮಾಡಿ ಇರೋ ಗೂಡ್ನೂ ಕಳ್ಕಬ್ಯಾಡ," ಅಂದ. ಈ ಬಾಡಿಗೆಗೆ ಊರಲ್ಲಿ ಬೇರೆ ಕೋಣೆ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಜಗಲಿ ಹೋದರೆ ದಾರದ ಕೆಲಸ ಹೋಗುತ್ತದೆ, ತನ್ನದೊಂದೇ ಅಲ್ಲ, ಓಣಿಯದೇ, ಎಂಬುದೂ ಗೊತ್ತಿತ್ತು.

ಬೆಳಿಗ್ಗೆ ಮೇಸ್ತ್ರಿ ಕದರಪ್ಪ ಹಾರೆ, ಪುಟ್ಟಿ ಹೊತ್ತು ಬಂದ. ಹಿಂದೆಯೇ ಸಣ್ಣಬಸಪ್ಪ. ಚೌಡಕ್ಕ ಜಗಲಿಯ ನಟ್ಟನಡುವೆ ತಟ್ಟೆ ಇಟ್ಟುಕೊಂಡು ಮುದ್ದೆ ಉಣ್ಣುತ್ತಿದ್ದಳು. ಅದು ಬೇಕೆಂದೇ ಹೂಡಿದ ಆಟವೇನಲ್ಲ, ಅವಳು ದಿನಾ ಉಣ್ಣುವುದು ಅಲ್ಲಿಯೇ, ಆ ಹೊತ್ತಿಗೇ.

ಕದರಪ್ಪ ಹಾರೆ ಇಳಿಸಿದ. ಸಣ್ಣಬಸಪ್ಪ ಥಟ್ಟನೆ ಅವನ ತೋಳು ಹಿಡಿದ.

"ತಡಿ. ಉಣ್ಣಾಕ ಕುಂತೋರನ್ನ ಎಬ್ಬಿಸಬಾರದು. ಮುಗೀಲಿ."

ಅವನ ಮನೆತನದ ನಿಷ್ಠೆ ಅದು. ಸಾಲಗಾರ ಬಂದು ಉಣ್ಣಲು ಕೂತರೂ ಅವನಪ್ಪ ಸಾಲದ ಮಾತೆತ್ತುತ್ತಿರಲಿಲ್ಲ ಎಂದು ಊರೆಲ್ಲ ಹೇಳುತ್ತದೆ. ಸಣ್ಣಬಸಪ್ಪ ದೂರ ಸರಿದು ಎದುರಿನ ಕಲ್ಲಿನ ಮೇಲೆ ಕೂತ, ತಟ್ಟೆ ನೋಡಬಾರದೆಂದು ಮುಖವನ್ನೂ ಆಚೆ ತಿರುಗಿಸಿದ.

ಚೌಡಕ್ಕನ ಕೈ ತಟ್ಟೆಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ತನ್ನ ಸೀಮೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಮುದ್ದೆಯ ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದಳು.

ಮುದ್ದೆಯನ್ನು ನುಂಗುತ್ತಾರೆ, ಅಗಿಯುವುದಿಲ್ಲ. ಅಗಿದರೆ ಹಲ್ಲಿಗೆ ಮೆತ್ತುತ್ತದೆ, ನಗೆಪಾಟಲಾಗುತ್ತದೆ. ಚೌಡಕ್ಕ ಕಬ್ಬು ಅಗಿದಂತೆ ಅಗಿದಳು. ಪಕ್ಕದ ಮನೆಯ ದುರುಗಕ್ಕ ಬಾಗಿಲಿಗೆ ಬಂದವಳು ನೋಡಿ ಬಾಯಿಗೆ ಸೆರಗು ಹಿಡಿದಳು.

"ಯಾಕವ್ವ, ಹಲ್ಲು ಹೊಸಾವು ಬಂದಾವೇನು?"

"ನಂಗೆ ಅವಸ್ರ ಇಲ್ಲ ಕಣಕ್ಕ. ನೀನೂ ಬಾ, ಉಣ್ಣು."

ದುರುಗಕ್ಕ ಕ್ಷಣ ನಿಂತಳು. ಕಲ್ಲಿನ ಮೇಲೆ ಕೂತ ಸಣ್ಣಬಸಪ್ಪನನ್ನು ನೋಡಿದಳು, ನೆಲಕ್ಕೆ ಇಳಿಸಿದ ಹಾರೆ ನೋಡಿದಳು, ಒಳಗೆ ಹೋಗಿ ತಟ್ಟೆ ತಂದಳು. ಅವಳು ರೊಟ್ಟಿಯವಳು, ರೊಟ್ಟಿಯನ್ನು ಉಗುರಿನಷ್ಟು ಉಗುರಿನಷ್ಟು ಮುರಿದಳು. ಚೌಡಕ್ಕ ಮುಗಿಸುವ ಹೊತ್ತಿಗೆ ಮೂಲೆ ಮನೆಯ ಮಂಜುಳ ಚಿತ್ರಾನ್ನ ತಂದು ಕೂತಳು. ದುರುಗಕ್ಕ ಮುಗಿಸುವ ಹೊತ್ತಿಗೆ ಇನ್ನಿಬ್ಬರು. ಒಬ್ಬರು ಕೈ ತೊಳೆಯುವ ಮೊದಲೇ ಇನ್ನೊಬ್ಬರು ಕಲಸುತ್ತಿದ್ದರು. ಉಂಡವರು ಅಲ್ಲೇ ಒರಗಿ ಕಪ್ಪು ಪ್ಯಾಂಟು ತೊಡೆಯ ಮೇಲೆ ಹರಡಿ ಕತ್ತರಿ ಹಿಡಿದರು. ನೀಲಿ ಬಣ್ಣ ಹತ್ತಿದ ಬೆರಳುಗಳು ಅನ್ನದಲ್ಲಿ, ದಾರದಲ್ಲಿ, ನಗುವಿನಲ್ಲಿ ಆಡಿದವು.

"ಏನ್ರವ್ವ, ಇದು ಊಟಾನೋ, ನೇಮಕಲ್ಲು ದೇವ್ರ ಪರಿಸೇನೋ?" ಸಣ್ಣಬಸಪ್ಪ ಬೆನ್ನು ತಿರುಗಿಸಿಕೊಂಡೇ ಕೂಗಿದ.

"ಹಸಿವು ಯಜಮಾನ್ರಿಗೆ ಕೇಳಿ ಬರಂಗಿಲ್ರಿ," ಅಂದಳು ದುರುಗಕ್ಕ.

"ಅಗಳಿ ಅಮ್ಮ ಮುದ್ದೆ ಅಗೀತಾಳ ಅಂತ ನಂಗ ಗೊತ್ತೈತಿ. ಕಿವಿ ಐತಿ ನಂಗ."

ಓಣಿಯೆಲ್ಲ ನಕ್ಕಿತು. ಅವನ ಹೆಗಲೂ ಅಲುಗಿದ್ದನ್ನು ಎಲ್ಲರೂ ಕಂಡರು.

ಬಿಸಿಲು ಏರಿತು. ಕದರಪ್ಪ ಸುಣ್ಣದ ಪುಟ್ಟಿಯ ಪಕ್ಕ ಬೆವರು ಒರೆಸಿಕೊಳ್ಳುತ್ತಿದ್ದ. ಚೌಡಕ್ಕ ಒಂದು ತಟ್ಟೆಯಲ್ಲಿ ಬಿಸಿ ಮುದ್ದೆ, ಹುರುಳಿ ಸಾರು ಇಟ್ಟು ಅವನ ಮುಂದೆ ಹಿಡಿದಳು. "ನೀನ್ಯಾಕಣ್ಣ ಉಪಾಸ?" ಅಂದಳು. ಅವನು ಯಜಮಾನನ ಬೆನ್ನು ನೋಡಿದ, ತಟ್ಟೆ ನೋಡಿದ, ಜಗಲಿಯ ಅಂಚಿಗೆ ಬಂದು ಕೂತ. ಉಂಡು ಎದ್ದವನು ಹಾರೆಯನ್ನು ಹೆಗಲಿಗೇರಿಸಿದ.

"ಬಸಪ್ಪಣ್ಣ, ನಾನು ಬತ್ತೀನಿ."

"ಎಲ್ಲಿಗೋ?"

"ಉಂಡ ಜಗಲಿಗೆ ಹಾರೆ ಹಾಕಂಗಿಲ್ಲಣ್ಣ. ಬೇರೆ ಮೇಸ್ತ್ರೀನ ನೋಡ್ಕಳಿ."

"ಬೇರೆ ಮೇಸ್ತ್ರಿಗೂ ಈಕಿ ಉಣ್ಣಾಕ ಇಡ್ತಾಳ!" ಅಂದ ಸಣ್ಣಬಸಪ್ಪ. ಆಗಲೂ ಅವನು ತಿರುಗಲಿಲ್ಲ. ಮಂಜುಳ ಇನ್ನೂ ಕೊನೆಯ ತುತ್ತಿನಲ್ಲಿದ್ದಳು.

ಆ ರಾತ್ರಿ ಜುಂಜಪ್ಪ ತೊಳೆಯುವ ಶೆಡ್ಡಿನಿಂದ ಬಂದು ಸುದ್ದಿ ಕೇಳಿ ತಲೆ ಹಿಡಿದು ಕೂತ. ಖಾಲಿ ಮಾಡೆಂದರೆ ಎಲ್ಲಿಗೆ ಹೋಗುವುದು ಎಂದ. ಚೌಡಕ್ಕ ಅವನಿಗೆ ಮುದ್ದೆ ಇಟ್ಟಳು. "ಇದ್ನ ನುಂಗು," ಅಂದಳು. "ಅಗ್ದು ಅಗ್ದು ನನ್ನ ದವಡೆ ಸೋತೋದ್ವು."

ಮರುದಿನ ಬೆಳಿಗ್ಗೆ ಸಣ್ಣಬಸಪ್ಪ ಒಬ್ಬನೇ ಬಂದ. ಕೆಲಸ ಇನ್ನೂ ಶುರುವಾಗಿರಲಿಲ್ಲ, ಜಗಲಿಯನ್ನು ಆಗತಾನೇ ಗುಡಿಸಿಯಾಗಿತ್ತು. ಚೌಡಕ್ಕ ಪೊರಕೆ ಮೂಲೆಗಿಟ್ಟು ನಿಂತಳು. ಖಾಲಿ ಮಾಡು ಎನ್ನುತ್ತಾನೆಂದೇ ಅವಳು ಎಣಿಸಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅಷ್ಟೇ.

"ನೋಡವ್ವ," ಅಂದ ಅವನು, ಮೆಲ್ಲಗೆ. "ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ರೂಮು ಕಟ್ಟಂಗಿಲ್ಲ. ಜಗಲಿ ನಿನಗ ಇರಲಿ, ನೀನು ನನ್ನ ಬಾಡಿಗಿಯಾಕಿ. ಆದ್ರ ನೀ ಒಬ್ಬಾಕಿ ಕುಂದ್ರು. ಓಣಿ ಹೆಂಗಸ್ರೆಲ್ಲ ಇಲ್ಲಿ ಗುಂಪು ಕೂಡೂದು ಬ್ಯಾಡ. ನಾಳಿ ಜಗಲಿ ಅವರದ ಅಂತಾರ. ನಿನಗ ಗಾಳಿ, ಬೆಳಕು, ಕೈ ಕಾಲು ಚಾಚಾಕ ಜಾಗ. ಕದಾ ಹಾಕಿದ್ರ ರಾಣಿ ಇದ್ದಂಗ. ಹೂಂ ಅನ್ನು, ಇದಕ್ಕ ಗ್ರಿಲ್ ಕೂಡಿಸಿ ಕೀಲಿ ನಿನ್ನ ಕೈಯಾಗ ಕೊಡ್ತೀನಿ."

ಚೌಡಕ್ಕ ಖಾಲಿ ಜಗಲಿಯನ್ನು ನೋಡಿದಳು. ಯಾರೂ ಇಲ್ಲದಾಗ ಅದು ಎಷ್ಟು ಅಗಲ ಎಂದು ಅವಳು ನೋಡಿರಲೇ ಇಲ್ಲ. ಕಾಲು ಚಾಚಿ, ಗೋಡೆಗೆ ಒರಗಿ, ಯಾರ ಮೊಳಕೈ ತಾಗದೆ ದಿನವೆಲ್ಲ ದಾರ ಕತ್ತರಿಸಬಹುದು. ಒಳಗೆ ಜುಂಜಪ್ಪ ಹತ್ತಿರ ಸರಿದು ಕೇಳಿಸಿಕೊಳ್ಳುತ್ತಿರುವುದು ಆ ತೆಳು ಗೋಡೆಯಿಂದ ಅವಳಿಗೆ ತಿಳಿಯುತ್ತಿತ್ತು.

"ಏನಂತಿ?" ಅಂದ ಸಣ್ಣಬಸಪ್ಪ.

"ಅಣ್ಣ, ಒಂದು ಕುರಿ ನಿಂತ್ರೆ ನೆರಳಾಗಲ್ಲ," ಅಂದಳು ಚೌಡಕ್ಕ. "ನಿಮ್ಮ ಕೀಲಿ ನೀವೇ ಇಟ್ಕಳಿ. ಬಾಗ್ಲು ಹಾಕೋ ಅಂತದ್ದು ಏನೂ ಇಲ್ಲ ನಮ್ಮತ್ರ. ಇವತ್ತೂ ಕೂತ್ಕಂತೀವಿ, ನಾಳೀಕೂ ಕೂತ್ಕಂತೀವಿ, ಎಲ್ರೂ. ಎಬ್ಬಿಸ್ತೀನಿ ಅಂದ್ರೆ ಬನ್ನಿ, ಒಬ್ಬೊಬ್ರನ್ನೇ ಕೈ ಹಿಡ್ದು ಎಬ್ಬಿಸಿ, ಮೊದ್ಲು ನನ್ನ, ಆಮೇಲೆ..."

ಹೇಳುತ್ತಲೇ ಅವಳು ಜಗಲಿ ಇಳಿದಾಗಿತ್ತು. ಅವನ ಪಕ್ಕದಿಂದಲೇ ಹಾದು, ಹಿಂದಿರುಗಿ ನೋಡದೆ, ಪಕ್ಕದ ಬಾಗಿಲ ಚಿಲಕ ಬಡಿಯುತ್ತ, "ದುರುಗಕ್ಕೋ, ಕತ್ರಿ ತಗಂಡು ಬಾರಕ್ಕ, ಮಂಜುಳಾ, ಏಳೇ, ಇನ್ನೂ ಮಲ್ಗಿದೀಯ, ಕರೀ ಪ್ಯಾಂಟೆಲ್ಲ ಈಚೆ ತಗೀರಿ, ಇವತ್ತು ಇಡೀ ಓಣಿ ಜಗಲಿ ಮ್ಯಾಲೆ ಕೂತ್ಕಮಾನ!" ಎಂದು ಕೂಗುತ್ತ ಹೋದಳು.