ಬೀರುವಿನಲ್ಲಿ ನಿಂತ ಅಜ್ಜಿ

ಅಪ್ಪ ತೀರಿಕೊಂಡಾಗ ಅವ್ವನ ಹಣೆಯ ಕುಂಕುಮ ಅಳಿಸಿದರು. ಅವತ್ತಿನಿಂದ ಅವ್ವ ಕನ್ನಡಿ ನೋಡುವುದನ್ನೇ ಬಿಟ್ಟಳು. ನಮ್ಮ ಕಡೆ ಗಂಡ ಸತ್ತ ಅವಳ ವಾರಿಗೆಯ ಹೆಂಗಸರು ಹಾಗೇ ಇದ್ದರು. ಅವ್ವ ಬೈತಲೆಯನ್ನೂ ಬೆರಳಿನಿಂದ ತಡವಿಯೇ ತೆಗೆಯುತ್ತಿದ್ದಳು.

ಹೋದ ವರ್ಷ ಕೂಡ್ಲಿಗಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಹೆಂಡತಿಯ ಬೀರುವನ್ನು ಪಡಸಾಲೆಗೆ ಎಳೆದು ತಂದೆವು. ಅದು ಅಲ್ಲೇ ಉಳಿಯಿತು. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಎದುರಿಗೇ ಅವ್ವನ ಮಂಚ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು.

ಒಂದು ಸಂಜೆ ನಾನು ಗಿರಣಿ ಕೆಲಸ ಮುಗಿಸಿ ಬಂದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಅತ್ತೆ ಚಾ ಬಿಟ್ಟು ಏನೂ ಮುಟ್ಟುತ್ತಿಲ್ಲ, ಒಳ್ಳೆಯ ಸೀರೆಗಳನ್ನು ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟಿದ್ದಾರೆ ಎಂದಳು. ಅವ್ವನನ್ನು ಕೇಳಿದೆ. ಹೊತ್ತು ಮುಳುಗುವಾಗ ತನ್ನ ತಾಯಿ ಬರುತ್ತಾಳೆ, ತಲೆ ತುಂಬ ಸೆರಗು ಹೊದ್ದು ಬೀರುವಿನೊಳಗಿಂದ ನೋಡುತ್ತಾಳೆ ಎಂದಳು.

"ಕರಿಯಾಕ ಬಂದಾಳಪ್ಪ. ನಾನೂ ತಯಾರಾಗಬೇಕಲ್ಲ."

ಆ ಅಜ್ಜಿ ಎಷ್ಟೋ ವರ್ಷಗಳ ಹಿಂದೆ ಹಡಗಲಿ ಕಡೆಯ ಹಳ್ಳಿಯಲ್ಲಿ ಸತ್ತಾಗ ಸುದ್ದಿ ತಡವಾಗಿ ಮುಟ್ಟಿತ್ತು. ಅವ್ವ ಹೋಗುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಕೊನೆಯ ಸಲ ಮುಖ ನೋಡಲು ಸಿಕ್ಕಿರಲಿಲ್ಲ.

ನಾನು ಶಾಲೆ ಅರ್ಧಕ್ಕೆ ಬಿಟ್ಟು, ಮಕ್ಕಳಾದ ಮೇಲೆ ಪರೀಕ್ಷೆ ಕಟ್ಟಿದವನು. ಆಗ ಅಂಚೆಯ ಮೂಲಕ ಬಿ.ಎ. ಓದುತ್ತಿದ್ದೆ. ಮಬ್ಬು ಬೆಳಕಿನಲ್ಲಿ ಕನ್ನಡಿಯನ್ನೇ ದಿಟ್ಟಿಸಿದರೆ ನಮ್ಮ ಮುಖ ಬೇರೆಯವರದಾಗಿ ಕಾಣಬಹುದು, ಕಣ್ಣಿಗೆ ಸರಿಯಾಗಿ ಸಿಗದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ ಎಂದು ಮನಶ್ಶಾಸ್ತ್ರದ ಪಾಠದಲ್ಲಿತ್ತು. ಮರುದಿನ ಸಂಜೆ ಅವ್ವ ಹಿತ್ತಲಿಗೆ ಹೋದಾಗ ಆ ಮಂಚದ ಮೇಲೆ ಕೂತು ನೋಡಿದೆ. ನನ್ನ ಗಲ್ಲ ಕರಗಿದಂತಾಯಿತು, ಹುಬ್ಬು ಇಳಿಯಿತು. ಅಲ್ಲಿ ಅಪ್ಪ ಕೂತಿದ್ದ. ಅದು ನನ್ನದೇ ಮುಖವೆಂದು ಗೊತ್ತಿತ್ತು. ಆದರೂ ಏಳಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಬಿಸಿಲು ಒಳಗೆ ಬಿದ್ದಾಗ ಅವ್ವನ ಕೈ ಹಿಡಿದು ಬೀರುವಿನ ಹತ್ತಿರಕ್ಕೆ ಕರೆತಂದೆ. ಅವ್ವ ಸೆರಗು ಎಳೆದುಕೊಂಡಳು. ಒಳಗಿನವಳೂ ಎಳೆದುಕೊಂಡಳು. ಅವ್ವ ಹಲ್ಲು ಬಿದ್ದು ಒಳಗೆ ಹೋದ ತನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡಳು.

"ಇಷ್ಟು ಮುದುಕಿ ಆಗೀನೇನಲೇ ನಾನು?"

"ನಿಮಗಿಂತ ಈ ಬೀರೂನ ಮುದಿ ಆಗೈತಿ ಬಿಡ್ರಿ ಅತ್ತಿ," ಎಂದು ಹೆಂಡತಿ ನಗಿಸಲು ನೋಡಿದಳು.

ಅವ್ವ ನಗಲಿಲ್ಲ. "ಹಂಗಾರ ನಮ್ಮವ್ವ ಬಂದಿದ್ದಿಲ್ಲೇನು?"

ನಾನು ಅವಳ ಕೈ ಹಿಡಿದು ಮಂಚಕ್ಕೆ ಕರೆದೊಯ್ದೆ.

ಅವತ್ತು ಅವ್ವ ರೊಟ್ಟಿ ತಿಂದಳು. ತಿಂದು ಗೋಡೆ ಕಡೆ ತಿರುಗಿ ಮಲಗಿದಳು. ಬೀರುವನ್ನು ಒಳಗೆ ಸರಿಸೋಣ ಎಂದರೆ ಬೇಡ ಅಂದಳು. ಸಂಜೆ ಕತ್ತಲಾಗುತ್ತಿತ್ತು, ನಾನು ಲೈಟಿನ ಸ್ವಿಚ್ಚಿಗೆ ಕೈ ಹಾಕಿದೆ. ಅವ್ವ ಎದ್ದು ಕೂತು ಕನ್ನಡಿಯ ಕಡೆ ತಿರುಗಿದ್ದಳು.

"ಈಗ ಹಾಕಬ್ಯಾಡ. ಅಕಿ ಜೋಡಿ ಹೋಗೂದಿಲ್ಲ ನಾನು. ಉಂಡೀನಿ. ಸ್ವಲ್ಪ ಹೊತ್ತು ನೋಡ್ತೀನಿ, ಅಷ್ಟ."

ನಾನು ಸ್ವಿಚ್ಚಿನಿಂದ ಕೈ ತೆಗೆದೆ.